ರಾಮದೇವರ ಬೆಟ್ಟದ ತಪ್ಪಲಿನ ನಾಣ್ಯ

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳ ಅರಿವು ಕೇಂದ್ರಗಳ ಮೇಲ್ವಿಚಾರಕರಿಗೆ, ಕನ್ನಡ ಮೇಷ್ಟ್ರುಗಳಿಗೆ, ಮೇಡಂಗಳಿಗೆ,

ರಾಮನಗರದ ಹಿರಿಯರಿಗೆ ‘ಶೋಲೆ’ ಬರೀ ಸಿನಿಮಾ ಅಲ್ಲ, ಊರಿನ ಬದುಕಿನ ಒಂದು ಕಾಲ. 1973ರಲ್ಲಿ ರಾಮದೇವರ ಬೆಟ್ಟದ ತಪ್ಪಲಿಗೆ ಬಂದಿಳಿದ ಚಿತ್ರತಂಡ ಅಲ್ಲೇ ಒಂದು ಹಳ್ಳಿಯನ್ನು ಕಟ್ಟಿ ನಿಲ್ಲಿಸಿತು. ಆ ಜಾಗಕ್ಕೆ ಸಿಪ್ಪಿ ನಗರ ಅನ್ನುವ ಹೆಸರು ಅಂಟಿಕೊಂಡಿತು. 1975ರ ಆಗಸ್ಟ್ 15ರಂದು ಚಿತ್ರ ತೆರೆಗೆ ಬಂತು, ಆಮೇಲೆ ಟಿ.ವಿ.ಯಲ್ಲಿ ಎಷ್ಟು ಸಲ ಬಂದು ಹೋಗಿದೆಯೋ ಲೆಕ್ಕ ಇಟ್ಟವರಿಲ್ಲ. ಆ ಕಥೆಯಲ್ಲಿ ಜೈ ಎಂಬುವನ ಜೇಬಿನಲ್ಲಿ ಒಂದು ನಾಣ್ಯ. ಆ ಕಡೆಯೋ ಈ ಕಡೆಯೋ ಎಂಬ ಗೊಂದಲ ಬಂದಾಗಲೆಲ್ಲ ಅದನ್ನು ಚಿಮ್ಮುತ್ತಾನೆ, ಬಿದ್ದಂತೆ ನಡೆದುಕೊಳ್ಳುತ್ತಾನೆ. ಕೊನೆಗೆ ಸೇತುವೆಯ ಬಳಿ ಒಬ್ಬ ಉಳಿದು ಡಕಾಯಿತರನ್ನು ತಡೆಯಬೇಕು, ಇನ್ನೊಬ್ಬ ಹೊರಡಬೇಕು ಅಂದಾಗಲೂ ತೀರ್ಪು ಕೊಡುವುದು ಆ ನಾಣ್ಯವೇ. ಜೈ ಸತ್ತ ಮೇಲೆ ಗೆಳೆಯ ವೀರು ಅದನ್ನು ತಿರುವಿ ನೋಡುತ್ತಾನೆ. ಎರಡು ಕಡೆಯೂ ಒಂದೇ ಮುಖ.

ಹಾಗಾದರೆ ಜೈ ಯಾವತ್ತೂ ಅದೃಷ್ಟವನ್ನು ಕೇಳಿರಲೇ ಇಲ್ಲ. ತೀರ್ಮಾನವೆಲ್ಲ ಅವನದೇ; ಹೆಸರು ಮಾತ್ರ ಅದೃಷ್ಟದ್ದು. ವಿಧಿಯೋ ಪುರುಷಕಾರವೋ ಎಂಬ ಹಳೆಯ ಪ್ರಶ್ನೆ ಇಷ್ಟು ಸಣ್ಣ ಲೋಹದ ಬಿಲ್ಲೆಯೊಳಗೆ ಕೂತ ಉದಾಹರಣೆ ಸುಲಭಕ್ಕೆ ಸಿಗುವುದಿಲ್ಲ. ಕುಮಾರವ್ಯಾಸನ ಕರ್ಣನಿಗೆ ಕೃಷ್ಣ ಹುಟ್ಟಿನ ಗುಟ್ಟು ಬಿಚ್ಚಿಟ್ಟಾಗ ಕರ್ಣ ನಿಂತದ್ದೂ ಇದೇ ಜಾಗದಲ್ಲಿ. ಡಿ.ವಿ.ಜಿ.ಯವರ ‘ಮಂಕುತಿಮ್ಮನ ಕಗ್ಗ’ 1943ರಿಂದ ಇವತ್ತಿನವರೆಗೂ ಮನೆಮನೆಯಲ್ಲಿ ಉಳಿದಿರುವುದಕ್ಕೆ ಒಂದು ಕಾರಣವೂ ಇದೇ: ‘ಎಲ್ಲ ಹಣೆಬರಹ’ ಅನ್ನುವ ಬಾಯೇ ‘ಮಾಡಿದ್ದುಣ್ಣೋ ಮಾರಾಯ’ ಅಂತಲೂ ಅನ್ನುತ್ತದೆ, ಆ ಎರಡು ಮಾತಿನ ನಡುವೆ ಮನುಷ್ಯ ಎಲ್ಲಿ ನಿಲ್ಲಬೇಕು ಎಂದು ಕಗ್ಗ ಕೇಳುತ್ತಲೇ ಇರುತ್ತದೆ.

ಈ ನಾಣ್ಯವನ್ನು ನೂರು ಸಲ ನೋಡಿದ ಊರಿನಲ್ಲಿ ಅದರ ಬಗ್ಗೆ ಕೂತು ಮಾತಾಡುವ ಜಾಗ ಎಲ್ಲಿದೆ? ಈ ಪತ್ರ ಹುಟ್ಟಿದ್ದು ಆ ಪ್ರಶ್ನೆಯಿಂದ. ಬೇಡಿಕೆ ಚಿಕ್ಕದು. ವಾರಕ್ಕೊಂದು ಸಂಜೆ ನಿಮ್ಮ ಅರಿವು ಕೇಂದ್ರದ, ಅಂದರೆ ಹಳ್ಳಿಯ ಗ್ರಂಥಾಲಯದ, ಮೇಜಿನ ಮೇಲೆ ಒಂದು ಪುಸ್ತಕವನ್ನೂ ಊರು ನೋಡುತ್ತಿರುವ ಒಂದು ಧಾರಾವಾಹಿಯನ್ನೂ ಅಕ್ಕಪಕ್ಕ ಇಡಬೇಕು. ಎರಡನ್ನೂ ಬಲ್ಲವರು ಬಂದು ಕೂರುವಂತಾಗಬೇಕು.

ಯಾರು ಬರುತ್ತಾರೆ ಎಂದು ಕೇಳಬಹುದು. ರೇಷ್ಮೆ ಮನೆಗಳ ಹೆಂಗಸರನ್ನೇ ತೆಗೆದುಕೊಳ್ಳಿ. ಹುಳ ನಾಲ್ಕನೇ ಜ್ವರ ದಾಟಿದ ಮೇಲೆ ಹಗಲು ರಾತ್ರಿ ಸೊಪ್ಪು ಕೇಳುತ್ತದೆ; ಹಣ್ಣಾದ ಹುಳವನ್ನು ಆರಿಸಿ ಚಂದ್ರಿಕೆಗೆ ಬಿಡುವ ದಿನ ಮನೆಯಲ್ಲಿ ಯಾರಿಗೂ ನಿದ್ದೆ ಇರುವುದಿಲ್ಲ. ಗೂಡು ಬಿಡಿಸಿ ರಾಮನಗರದ ಮಾರುಕಟ್ಟೆಗೆ ಸಾಗಿಸುವ ತನಕ ಪುಸ್ತಕ ಹಿಡಿದು ಕೂರುವ ಬಿಡುವು ಎಲ್ಲಿಂದ ಬರಬೇಕು? ಆದರೆ ಸೊಪ್ಪು ಕತ್ತರಿಸುತ್ತಾ ಧಾರಾವಾಹಿ ಕೇಳಬಹುದು. ಮಾರನೆಯ ದಿನ ಬಸ್ಸಿನಲ್ಲಿ, ಡೇರಿಯ ಮುಂದೆ, ಸ್ತ್ರೀಶಕ್ತಿ ಸಂಘದ ಸಭೆ ಶುರುವಾಗುವ ಮುಂಚೆ ನಡೆಯುವ ಮಾತನ್ನು ಕಿವಿಗೊಟ್ಟು ಕೇಳಿದವರಿಗೆ ಗೊತ್ತು: ಅವಳು ಗಂಡನನ್ನು ಕ್ಷಮಿಸಿದ್ದು ಸರಿಯೇ, ಸುಳ್ಳು ಹೇಳಿ ಮದುವೆ ಉಳಿಸಬಹುದೇ, ಹೆತ್ತವಳು ದೊಡ್ಡವಳೋ ಸಾಕಿದವಳೋ ಎಂಬ ವಾದ ಅಲ್ಲಿ ನಡೆಯುತ್ತದೆ. ಅದಕ್ಕೆ ನೀತಿಶಾಸ್ತ್ರ ಎಂಬ ಹೆಸರನ್ನು ಯಾರೂ ಕೊಟ್ಟಿಲ್ಲ, ಅಷ್ಟೇ.

ಧಾರಾವಾಹಿಗಳ ಮೇಲೆ ಮೇಷ್ಟ್ರುಗಳಿಗಿರುವ ಸಿಟ್ಟು ನ್ಯಾಯವಾದದ್ದೇ. ಒಂದೇ ದೃಶ್ಯವನ್ನು ಮೂರು ದಿನ ಎಳೆಯುವುದು, ಅತ್ತೆಯನ್ನೋ ನಾದಿನಿಯನ್ನೋ ರಾಕ್ಷಸಿ ಮಾಡಿ ತೋರಿಸುವುದು, ಹೆಣ್ಣಿನ ಮೇಲಿನ ಅನುಮಾನವನ್ನು ತಿಂಗಳುಗಟ್ಟಲೆ ಬೆಳೆಸುವುದು, ಇವೆಲ್ಲ ಇವೆ. ಅದನ್ನು ಸಮರ್ಥಿಸುವ ಉದ್ದೇಶ ಈ ಪತ್ರಕ್ಕಿಲ್ಲ. ಆದರೆ ಕಥೆ ಸವಕಲು ಎಂಬ ಕಾರಣಕ್ಕೆ ಅದನ್ನು ನೋಡುವವರ ಯೋಚನೆಯೂ ಸವಕಲು ಎಂದುಕೊಳ್ಳುವುದು ದೊಡ್ಡ ತಪ್ಪು.

ಮಾಗಡಿಯ ಸಾವನದುರ್ಗಕ್ಕೆ ಬನ್ನಿ. ಇ.ಎಂ. ಫಾರ್‌ಸ್ಟರ್ 1924ರಲ್ಲಿ ಪ್ರಕಟಿಸಿದ ‘ಎ ಪ್ಯಾಸೇಜ್ ಟು ಇಂಡಿಯಾ’ ಕಾದಂಬರಿಯನ್ನು ಡೇವಿಡ್ ಲೀನ್ ಸಿನಿಮಾ ಮಾಡಿದಾಗ, ಕಥೆಯ ಮರಾಬಾರ್ ಗುಹೆಗಳಿಗೆ ಅವರು ಆರಿಸಿಕೊಂಡದ್ದು ಸಾವನದುರ್ಗ ಮತ್ತು ರಾಮದೇವರ ಬೆಟ್ಟದ ಬಂಡೆಗಳನ್ನು. ಫಾರ್‌ಸ್ಟರ್ ಮನಸ್ಸಿನಲ್ಲಿದ್ದದ್ದು ಬಿಹಾರದ ಬರಾಬರ್ ಗುಹೆಗಳು. ತೆರೆಯ ಮೇಲೆ ಜಗತ್ತು ಕಂಡದ್ದು ನಮ್ಮ ಬೆಟ್ಟ. 1984ರ ಆ ಚಿತ್ರಕ್ಕೆ ಹನ್ನೊಂದು ಆಸ್ಕರ್ ನಾಮನಿರ್ದೇಶನ ಬಂತು, ಎರಡು ಪ್ರಶಸ್ತಿ ದಕ್ಕಿತು.

ಕಥೆಯ ತಿರುಳು ಹೀಗೆ. ಅಡೆಲಾ ಎಂಬ ಇಂಗ್ಲಿಷ್ ಯುವತಿ ಒಂಟಿಯಾಗಿ ಗುಹೆಯೊಳಗೆ ಹೋಗುತ್ತಾಳೆ, ಗಾಬರಿಯಿಂದ ಓಡಿ ಬರುತ್ತಾಳೆ. ಡಾ. ಅಜೀಜ್ ಮೇಲೆ ಆರೋಪ ಬರುತ್ತದೆ. ಊರು ಎರಡಾಗುತ್ತದೆ. ಕೋರ್ಟಿನ ಕಟಕಟೆಯಲ್ಲಿ ನಿಂತು, ಆ ದಿನವನ್ನು ಮನಸ್ಸಿನಲ್ಲಿ ಮತ್ತೆ ನಡೆದು ನೋಡಿದಾಗ, ಅವನು ತನ್ನ ಹಿಂದೆ ಬಂದದ್ದು ಅವಳಿಗೆ ಕಾಣುವುದಿಲ್ಲ. ಆರೋಪವನ್ನು ವಾಪಸ್ ತೆಗೆದುಕೊಳ್ಳುತ್ತಾಳೆ. ಗುಹೆಯೊಳಗೆ ನಿಜವಾಗಿ ಏನಾಯಿತು ಎಂಬುದನ್ನು ಫಾರ್‌ಸ್ಟರ್ ಕೊನೆಯವರೆಗೂ ಹೇಳಲೇ ಇಲ್ಲ. ಅದೇ ಗುಹೆಯಲ್ಲಿ ಮುದುಕಿ ಮಿಸೆಸ್ ಮೂರ್ ಇನ್ನೊಂದು ಪೆಟ್ಟು ತಿನ್ನುತ್ತಾಳೆ: ಒಳ್ಳೆಯ ಮಾತಾಡಿದರೂ ಕೆಟ್ಟ ಮಾತಾಡಿದರೂ ಬಂಡೆ ಹಿಂದಿರುಗಿಸುವುದು ಒಂದೇ ದನಿ. ಅಲ್ಲಿಂದಾಚೆ ಅವಳ ದೇವರು, ನಂಬಿಕೆ, ಅಕ್ಕರೆ ಎಲ್ಲ ಸಡಿಲವಾಗುತ್ತವೆ. ಒಬ್ಬಳಿಗೆ ಗುಹೆ ಮನಸ್ಸಿನ ಕತ್ತಲು, ಇನ್ನೊಬ್ಬಳಿಗೆ ಅರ್ಥವೇ ಕಳಚಿಹೋದ ಲೋಕ. ಸಾವನದುರ್ಗದ ಬುಡದ ಹಳ್ಳಿಯ ಹುಡುಗ ಒಂದು ಬಂಡೆಯ ಸಂದಿಯಲ್ಲಿ ಕೂಗಿ ತನ್ನ ಕೂಗನ್ನೇ ಕೇಳಿದ್ದಾನಲ್ಲ, ಆ ಅನುಭವದಿಂದಲೇ ಅವನಿಗೆ ಈ ಕಾದಂಬರಿಯ ಬಾಗಿಲು ತೆಗೆಯಬಹುದು. ‘ನೆನಪಿದೆ ಅಂದುಕೊಂಡದ್ದೆಲ್ಲ ನಡೆದದ್ದೇನಾ?’ ಎಂದು ಕೇಳಿದರೆ ಸಾಕು.

ಕೋರ್ಟು ಅಂದಾಗ ನಮ್ಮವರಿಗೆ ಮೊದಲು ನೆನಪಾಗುವುದು ಟಿ.ಎನ್. ಸೀತಾರಾಂ. 1998ರಲ್ಲಿ ದೂರದರ್ಶನದಲ್ಲಿ ಬಂದ ‘ಮಾಯಾಮೃಗ’ವನ್ನು ಅವರು, ಪಿ. ಶೇಷಾದ್ರಿ ಮತ್ತು ನಾಗೇಂದ್ರ ಶಾ ಜೊತೆಯಾಗಿ ನಿರ್ದೇಶಿಸಿದರು. ಆಮೇಲೆ ‘ಮನ್ವಂತರ’, ‘ಮುಕ್ತ’, ‘ಮುಕ್ತ ಮುಕ್ತ’, ‘ಮಗಳು ಜಾನಕಿ’. ಸಿ.ಎಸ್.ಪಿ. ಎಂಬ ವಕೀಲನಾಗಿ ಅವರೇ ಕಟಕಟೆಯ ಮುಂದೆ ನಿಂತಾಗ ಅಡುಗೆ ಮನೆಯ ಒಲೆ ಸಣ್ಣಗಾಗುತ್ತಿತ್ತು. ಆ ದೃಶ್ಯಗಳಲ್ಲಿ ಗೆಲುವಿಗಿಂತ ಹೆಚ್ಚು ಕಾಡುತ್ತಿದ್ದದ್ದು ಒಂದು ವ್ಯತ್ಯಾಸ: ನಿಜವಾದದ್ದು ಬೇರೆ, ನಿಜವೆಂದು ತೋರಿಸಿಕೊಡಲು ಆಗುವುದು ಬೇರೆ. ಜಮೀನಿನ ವ್ಯಾಜ್ಯ, ಪಹಣಿ, ಪೋಡಿ ಅಂತ ಕನಕಪುರದ ಕೋರ್ಟಿಗೆ ವರ್ಷಗಟ್ಟಲೆ ಅಲೆದವರಿಗೆ ಈ ವ್ಯತ್ಯಾಸವನ್ನು ಯಾರೂ ಕಲಿಸಬೇಕಾಗಿಲ್ಲ. ಅವರಿಗೆ ಬೇಕಾದದ್ದು ಅದನ್ನು ಮಾತಾಗಿಸುವ ಒಂದು ಸಂಜೆ.

ಪುಸ್ತಕ ನೇರವಾಗಿ ಟಿ.ವಿ.ಗೆ ಬಂದ ಉದಾಹರಣೆ ‘ಗೃಹಭಂಗ’. ಎಸ್.ಎಲ್. ಭೈರಪ್ಪನವರು 1970ರಲ್ಲಿ ಪ್ರಕಟಿಸಿದ ಕಾದಂಬರಿಯನ್ನು ಗಿರೀಶ್ ಕಾಸರವಳ್ಳಿ ಧಾರಾವಾಹಿಯಾಗಿ ಮಾಡಿದರು. ಅದು ಈಟಿವಿ ಕನ್ನಡದಲ್ಲಿ ಬಂತು. ನಂಜಮ್ಮ ಶಾನುಭೋಗಿಕೆಯ ಲೆಕ್ಕವನ್ನು ತಾನೇ ಬರೆದು ಸಂಸಾರ ಎಳೆಯುತ್ತಾಳೆ. ಗಂಡ ಕೈಲಾಗದವನು, ಅತ್ತೆ ಗಂಗಮ್ಮನ ಬಾಯಿ ಬೆಂಕಿ. ಪ್ಲೇಗು ಬಂದು ಬೆಳೆದ ಮಕ್ಕಳನ್ನು ಒಯ್ಯುತ್ತದೆ, ಕೊನೆಗೆ ಅವಳನ್ನೂ. ಒಳ್ಳೆಯವಳಿಗೇ ಯಾಕೆ ಹೀಗೆ? ಧರ್ಮ ಶಾಸ್ತ್ರಗಳಿಗೂ ಕಷ್ಟವಾದ ಈ ಪ್ರಶ್ನೆಯನ್ನು ಕಾದಂಬರಿ ಕೇಳುತ್ತದೆ, ಉತ್ತರದ ಸಮಾಧಾನ ಕೊಡುವುದಿಲ್ಲ. ಚಿಕ್ಕಂದಿನಲ್ಲೇ ಮನೆಯವರನ್ನು ಪ್ಲೇಗಿಗೆ ಕಳೆದುಕೊಂಡ ಭೈರಪ್ಪನವರು ಆಮೇಲೆ ತತ್ತ್ವಶಾಸ್ತ್ರವನ್ನೇ ಓದಿ, ತತ್ತ್ವಶಾಸ್ತ್ರದ ಮೇಷ್ಟ್ರಾದರು. ಅವರು ತೀರಿಕೊಂಡದ್ದು 2025ರ ಸೆಪ್ಟೆಂಬರಿನಲ್ಲಿ. ನಿಮ್ಮ ಕಪಾಟಿನಲ್ಲಿ ‘ಗೃಹಭಂಗ’ದ ಬೆನ್ನು ಸವೆದಿದ್ದರೆ ಅದು ಒಳ್ಳೆಯ ಲಕ್ಷಣ, ಸವೆದಿಲ್ಲದಿದ್ದರೆ ಮೊದಲು ಅದನ್ನೇ ಹೊರಗೆ ತೆಗೆಯಿರಿ.

ಮನಸ್ಸಿನ ಕಾಯಿಲೆಯ ವಿಷಯದಲ್ಲಿ ಕನ್ನಡದ ಜನಪ್ರಿಯ ಸಾಹಿತ್ಯಕ್ಕೆ ದೊಡ್ಡ ಪರಂಪರೆಯೇ ಇದೆ. ಅದು ಮರೆತುಹೋಗುತ್ತಿರುವುದು ಬೇಸರದ ಸಂಗತಿ. ‘ಕೊರವಂಜಿ’ ನಡೆಸಿ ಕನ್ನಡಿಗರನ್ನು ನಗಿಸಿದ ರಾಶಿ, ಅಂದರೆ ಡಾ. ಎಂ. ಶಿವರಾಂ, ಮನೋರೋಗಗಳ ಬಗ್ಗೆ ಬರೆದ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ನಿಮ್ಹಾನ್ಸ್‌ನಲ್ಲಿದ್ದ ಡಾ. ಸಿ.ಆರ್. ಚಂದ್ರಶೇಖರ್ ಮನೋವೈದ್ಯವನ್ನು ಬಸ್ ನಿಲ್ದಾಣದ ಪುಸ್ತಕದಂಗಡಿಗೆ ತಲುಪಿಸಿದರು. ಇವರೆಲ್ಲರಿಗೂ ಮುಂಚೆ ತ್ರಿವೇಣಿ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಃಶಾಸ್ತ್ರ ಓದಿದ ಈ ಲೇಖಕಿ ‘ಬೆಕ್ಕಿನ ಕಣ್ಣು’, ‘ಶರಪಂಜರ’ ಬರೆದಾಗ, ಹುಚ್ಚು ಎಂಬ ಒಂದೇ ಪದದ ಒಳಗೆ ಅದುಮಿಟ್ಟಿದ್ದ ಎಷ್ಟೋ ನೋವುಗಳಿಗೆ ಬೇರೆ ಬೇರೆ ಮುಖ ಬಂತು.

‘ಶರಪಂಜರ’ದ ಕಾವೇರಿ ಬಾಣಂತಿ. ಹೆರಿಗೆಯ ನಂತರ ಮನಸ್ಸು ಕದಡುತ್ತದೆ, ಆಸ್ಪತ್ರೆ ಸೇರುತ್ತಾಳೆ, ಗುಣವಾಗುತ್ತಾಳೆ. ದುರಂತ ಶುರುವಾಗುವುದು ಗುಣವಾದ ಮೇಲೆ. ಮನೆಗೆ ಬಂದವಳ ನಗುವನ್ನೂ ಅಳುವನ್ನೂ ಎಲ್ಲರೂ ಕಾಯಿಲೆಯ ಕಣ್ಣಿನಿಂದಲೇ ನೋಡುತ್ತಾರೆ. ಕಾಯಿಲೆ ಬಿಟ್ಟರೂ ಹೆಸರು ಬಿಡುವುದಿಲ್ಲ. ಮುಂದೆ ಪುಟ್ಟಣ್ಣ ಕಣಗಾಲ್ ಅದನ್ನು ಸಿನಿಮಾ ಮಾಡಿದರು, ಕಲ್ಪನಾ ಕಾವೇರಿಯಾದರು. ತ್ರಿವೇಣಿ ಅದನ್ನು ನೋಡಲಿಲ್ಲ. ಅವರು 1963ರಲ್ಲೇ, ಹೆರಿಗೆಯಾದ ಕೆಲವೇ ದಿನಗಳಲ್ಲಿ, ಇನ್ನೂ ಮೂವತ್ತೈದರ ಆಸುಪಾಸಿನಲ್ಲೇ ತೀರಿಕೊಂಡಿದ್ದರು.

ಬಾಣಂತಿ ಸುಮ್ಮನೆ ಅಳುತ್ತಾ ಕೂತರೆ ‘ದೃಷ್ಟಿಯಾಗಿದೆ’, ‘ಗಾಳಿ ಸೋಕಿದೆ’ ಎಂದು ತಾಯಿತ ಕಟ್ಟಿಸುವ ಮನೆಗಳು ನಾಲ್ಕೂ ತಾಲ್ಲೂಕುಗಳಲ್ಲಿ ಈಗಲೂ ಇವೆ. ಆ ಮನೆಯ ಒಬ್ಬ ಅಜ್ಜಿ, ಒಬ್ಬ ನಾದಿನಿ ‘ಶರಪಂಜರ’ದ ಸಂಜೆಗೆ ಬಂದು ಕೂತರೆ, ‘ನಮ್ಮನೇಲೂ ಹಿಂಗೇ ಆಗಿತ್ತು’ ಎಂಬ ಮಾತು ಹೊರಬರುವ ಸಾಧ್ಯತೆ ಇದೆ. ಆ ಮಾತು ಬಂದಾಗ ಮೇಲ್ವಿಚಾರಕರು ವೈದ್ಯರಾಗಬೇಕಿಲ್ಲ. ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416 ಎಂದು ಗೋಡೆಯ ಮೇಲೆ ದಪ್ಪಕ್ಷರದಲ್ಲಿ ಬರೆದಿಟ್ಟಿರಬೇಕು, ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಎಂದು ಹೇಳುವ ಧೈರ್ಯ ಇರಬೇಕು. ಕಾದಂಬರಿ ಔಷಧ ಅಲ್ಲ. ಆದರೆ ನೋವಿಗೆ ಒಂದು ಹೆಸರು ಸಿಕ್ಕಿದರೆ ಔಷಧದ ಬಾಗಿಲವರೆಗಾದರೂ ನಡೆದುಹೋಗಬಹುದು.

ಇನ್ನು ಈಚಿನ ಧಾರಾವಾಹಿಗಳು. 2021ರ ಡಿಸೆಂಬರಿನಲ್ಲಿ ಜೀ ಕನ್ನಡದಲ್ಲಿ ಶುರುವಾದ ‘ಪುಟ್ಟಕ್ಕನ ಮಕ್ಕಳು’ ಕಥೆಯಲ್ಲಿ ಉಮಾಶ್ರೀ ಪುಟ್ಟಕ್ಕ. ಗಂಡುಮಗು ಹುಟ್ಟಲಿಲ್ಲವೆಂದು ಗಂಡ ಕೈಬಿಟ್ಟವಳು ಮೆಸ್ ನಡೆಸಿ ಮೂವರು ಹೆಣ್ಣುಮಕ್ಕಳನ್ನು ಸಾಕುತ್ತಾಳೆ. ಕಥೆ ಮುಂದುವರಿದಂತೆ ಮಗಳು ಸ್ನೇಹಾಳ ಪಾತ್ರವನ್ನು ಸಾಯಿಸಿದಾಗ ಎಷ್ಟೋ ಮನೆಗಳಲ್ಲಿ ನಿಜವಾದ ಸಂಕಟವಾಯಿತು. ‘ನಾಟಕ ಅಂತ ಗೊತ್ತಿದ್ದೂ ಅಳ್ತಾಳೆ’ ಎಂದು ಮನೆಯ ಗಂಡಸರು ನಕ್ಕಿರಬಹುದು. ಅದರಲ್ಲಿ ನಗುವಂಥದ್ದೇನೂ ಇಲ್ಲ. ಡೊನಾಲ್ಡ್ ಹಾರ್ಟನ್ ಮತ್ತು ರಿಚರ್ಡ್ ವೋಲ್ ಎಂಬಿಬ್ಬರು 1956ರಲ್ಲೇ ಇದರ ಬಗ್ಗೆ ಬರೆದರು: ಪ್ರತಿದಿನ ಮನೆಯೊಳಗೆ ಬಂದು ಕಣ್ಣಿಗೆ ಕಣ್ಣಿಟ್ಟು ಮಾತಾಡುವ ಟಿ.ವಿ. ಮುಖದ ಜೊತೆ ನೋಡುಗರಿಗೆ ಪರಿಚಯಸ್ಥರ ಜೊತೆಗಿನಂಥದೇ ಒಂದು ನಂಟು ಬೆಳೆಯುತ್ತದೆ. ನಂಟು ಒಂದೇ ಕಡೆಯದು, ಆದರೂ ಅದು ಕಡಿದಾಗ ಆಗುವ ನೋವು ಸುಳ್ಳಲ್ಲ.

ನಮ್ಮ ಕಾವ್ಯಮೀಮಾಂಸೆ ಇದನ್ನು ಇನ್ನೂ ಆಳವಾಗಿ ಕಂಡಿದೆ. ಪಾತ್ರದ ದುಃಖ ‘ಅವಳದು’ ಎಂದಾದರೆ ನಾವು ಅಳುವುದಿಲ್ಲ, ಬರೀ ‘ನನ್ನದು’ ಎಂದಾದರೆ ಅದರಲ್ಲಿ ರಸ ಇರುವುದಿಲ್ಲ. ಅವಳದೂ ಅಲ್ಲದ ನನ್ನದೂ ಅಲ್ಲದ, ಎಲ್ಲರದೂ ಆದ ದುಃಖವಾಗಿ ಅದು ಮಾರ್ಪಡಬೇಕು. ಭಟ್ಟನಾಯಕ ಇದನ್ನು ಸಾಧಾರಣೀಕರಣ ಎಂದ, ತೀ.ನಂ. ಶ್ರೀಕಂಠಯ್ಯನವರ ‘ಭಾರತೀಯ ಕಾವ್ಯಮೀಮಾಂಸೆ’ಯಲ್ಲಿ ಇದರ ತಿಳಿಗನ್ನಡದ ವಿವರಣೆ ಇದೆ. ಎಂ.ಎ. ಪರೀಕ್ಷೆಗೆಂದು ಮೇಷ್ಟ್ರುಗಳು ಬಾಯಿಪಾಠ ಮಾಡಿದ್ದ ಆ ಅಧ್ಯಾಯಕ್ಕೆ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುವ ಪುಟ್ಟಕ್ಕನ ಅಭಿಮಾನಿಗಿಂತ ಒಳ್ಳೆಯ ಸಾಕ್ಷಿ ಬೇಕೇ?

ಮಾಗಡಿ ತಾಲ್ಲೂಕಿನ ಮಂಚನಬೆಲೆಯಲ್ಲಿ 1954ರಲ್ಲಿ ಹುಟ್ಟಿದ ಕವಿ ಸಿದ್ದಲಿಂಗಯ್ಯನವರ ‘ಊರುಕೇರಿ’ ಈ ನಾಡಿನ ಆತ್ಮಕಥೆಗಳಲ್ಲೇ ಬೇರೆ ಬಗೆಯದು. ಎತ್ತಿನ ಜಾಗದಲ್ಲಿ ನೊಗಕ್ಕೆ ಹೆಗಲು ಕೊಟ್ಟು ಉಳುವ ಮನುಷ್ಯರಲ್ಲಿ ಒಬ್ಬರು ತನ್ನ ಅಪ್ಪ ಎಂದು ಮಗುವಿನ ಕಣ್ಣಿಗೆ ಕಾಣುವ ಚಿತ್ರ ಅದರಲ್ಲಿದೆ. ಅಂಥ ಚಿತ್ರವನ್ನೂ ಅವರು ಹಲ್ಲು ಕಚ್ಚಿ ಬರೆದಿಲ್ಲ. ಅವಮಾನವನ್ನು ನಗುವಿನಿಂದ ಎದುರಿಸಿ ಬರೆದಿದ್ದಾರೆ. ನೋವನ್ನು ಹೊತ್ತ ಮನಸ್ಸು ತನ್ನನ್ನು ತಾನು ಹೇಗೆ ಉಳಿಸಿಕೊಳ್ಳುತ್ತದೆ ಎಂಬ ಮನಃಶಾಸ್ತ್ರದ ಪಾಠ ಇದಕ್ಕಿಂತ ಹತ್ತಿರದಲ್ಲಿ ಇನ್ನೆಲ್ಲಿ ಸಿಗಬೇಕು? ಇದರ ಪಕ್ಕಕ್ಕೆ 2020ರ ಒಂದು ನೆನಪನ್ನು ಇಡಿ. ಹಿಂದಿಯಿಂದ ಡಬ್ ಆಗಿ ಜೀ ಕನ್ನಡದಲ್ಲಿ ಬಂದ, ಅಂಬೇಡ್ಕರರ ಬದುಕಿನ ಕಥೆಯ ‘ಮಹಾನಾಯಕ’ ಧಾರಾವಾಹಿಯನ್ನು ಕರ್ನಾಟಕದ ಎಷ್ಟೋ ಹಳ್ಳಿಗಳ ಜನ ಫ್ಲೆಕ್ಸ್ ಕಟ್ಟಿ ಬರಮಾಡಿಕೊಂಡರು. ಧಾರಾವಾಹಿಯೊಂದಕ್ಕೆ ಊರ ಬಾಗಿಲಲ್ಲಿ ಸ್ವಾಗತ! ಕುಡಿಯುವ ನೀರು ಮುಟ್ಟಲು ಬಿಡದ ದೃಶ್ಯದಲ್ಲಿ ಬಾಲಕ ಭೀಮರಾವ್‌ನ ಮುಖ ನೋಡಿದ ಮಕ್ಕಳು ಮನೆಯಲ್ಲಿ ಪ್ರಶ್ನೆ ಕೇಳಿದರು, ದೊಡ್ಡವರು ತಮ್ಮ ಕಾಲದ ನೆನಪನ್ನು ಹೇಳಬೇಕಾಯಿತು. ಅಂಥ ಮಾತುಕತೆ ನಡೆದ ಮನೆಗೆ ‘ಊರುಕೇರಿ’ ಹೋಗದೆ ಉಳಿದಿದ್ದರೆ, ಅದು ಗ್ರಂಥಾಲಯ ಬಳಸಿಕೊಳ್ಳದೆ ಬಿಟ್ಟ ಅವಕಾಶ. ಈಗಲೂ ತಡವಾಗಿಲ್ಲ.

ಬಿಡದಿಯವರಿಗೆ ಇನ್ನೊಂದು ವಸ್ತು ಮನೆಬಾಗಿಲಲ್ಲೇ ಇದೆ. ಹಲವು ಸೀಸನ್‌ಗಳ ಕಾಲ ಕನ್ನಡದ ‘ಬಿಗ್ ಬಾಸ್’ ಮನೆ ನಿಂತದ್ದು ಬಿಡದಿಯ ಫಿಲ್ಮ್ ಸಿಟಿಯಲ್ಲಿ. 1999ರಲ್ಲಿ ನೆದರ್ಲೆಂಡ್ಸ್‌ನಲ್ಲಿ ಶುರುವಾದ ಈ ಆಟದ ಮೂಲ ಹೆಸರು ‘ಬಿಗ್ ಬ್ರದರ್’. ಜಾರ್ಜ್ ಆರ್ವೆಲ್ 1949ರಲ್ಲಿ ಪ್ರಕಟಿಸಿದ ‘1984’ ಕಾದಂಬರಿಯಲ್ಲಿ ಪ್ರಜೆಗಳನ್ನು ಸದಾ ಕಾಯುವ ಕಣ್ಣಿನ ಹೆಸರು ಅದು. ಆರ್ವೆಲ್ ಭಯಪಟ್ಟು ಬರೆದದ್ದನ್ನು ಅರ್ಧ ಶತಮಾನದ ನಂತರ ಜನ ಮನರಂಜನೆಗೆಂದು ನೋಡುತ್ತಿದ್ದಾರೆ, ಒಳಗೆ ಹೋಗಲು ಸಾಲು ನಿಲ್ಲುತ್ತಿದ್ದಾರೆ. ಈ ಬದಲಾವಣೆ ಹೇಗಾಯಿತು ಎಂಬುದು ಕಾಲೇಜು ಹುಡುಗರ ಚರ್ಚೆಗೆ ತುಂಬಾ ಯೋಗ್ಯವಾದ ಪ್ರಶ್ನೆ. ಸಮಾಜಶಾಸ್ತ್ರಜ್ಞ ಅರ್ವಿಂಗ್ ಗಾಫ್‌ಮನ್ ದಿನನಿತ್ಯದ ಬದುಕನ್ನೇ ರಂಗಸ್ಥಳಕ್ಕೆ ಹೋಲಿಸಿದ್ದರು: ಎದುರಿಗಿನವರಿಗಾಗಿ ಒಂದು ಮುಖ, ತೆರೆಯ ಹಿಂದೆ ಇನ್ನೊಂದು. ಬಿಗ್ ಬಾಸ್ ಮನೆಯಲ್ಲಿ ತೆರೆಯ ಹಿಂದೆ ಎಂಬ ಜಾಗವೇ ಇಲ್ಲ. ‘ಅವನು ನಾಟಕ ಮಾಡ್ತಾನೆ, ಇವಳು ಇದ್ದಂಗೆ ಇದ್ದಾಳೆ’ ಎಂದು ಟೀ ಅಂಗಡಿಯಲ್ಲಿ ವಾದಿಸುವವರು ಕೇಳುತ್ತಿರುವುದು ಅದನ್ನೇ: ಯಾರೂ ನೋಡದ ಹೊತ್ತು ಇಲ್ಲವಾದರೆ ‘ಇದ್ದಂಗೆ ಇರುವುದು’ ಅಂದರೇನು?

ಕನಕಪುರದವರ ಪಾಲಿಗೆ ಇದೆಲ್ಲಕ್ಕಿಂತ ಹಳೆಯ ಧಾರಾವಾಹಿ ಒಂದಿದೆ. ಶಿವರಾತ್ರಿಯ ಹೊತ್ತಿಗೆ ಸಂಗಮದಲ್ಲಿ ಕಾವೇರಿ ದಾಟಿ ಮಲೆ ಮಾದಪ್ಪನ ಬೆಟ್ಟಕ್ಕೆ ನಡೆದು ಹೋಗುವವರ ಸಾಲು ಈ ತಾಲ್ಲೂಕಿನ ಮೂಲಕವೇ ಸಾಗುತ್ತದೆ. ಕಂಸಾಳೆಯವರು ರಾತ್ರಿಯಿಡೀ ಹಾಡುವ ಮಾದಪ್ಪನ ಕಥೆ ಒಂದೇ ರಾತ್ರಿಗೆ ಮುಗಿಯುವುದಿಲ್ಲ. ಸಾಲು ಸಾಲಾಗಿ ಬರುತ್ತದೆ, ನಾಳೆಗೆ ಉಳಿಯುತ್ತದೆ. ಅದರಲ್ಲಿ ಸಂಕಮ್ಮನ ಸಾಲು. ಗಂಡ ನೀಲೇಗೌಡ ಜೇನು ತರಲು ಕಾಡಿಗೆ ಹೊರಡುವಾಗ, ‘ನೀನು ಬರುವ ತನಕ ಪತಿವ್ರತೆಯಾಗಿರುತ್ತೇನೆ’ ಎಂದು ಬಲಗೈ ಭಾಷೆ ಕೊಡು ಅನ್ನುತ್ತಾನೆ. ಅವಳು ಕೊಡುವುದಿಲ್ಲ. ಹೊಡೆದರೂ, ಹಿಂಸಿಸಿದರೂ ಕೊಡುವುದಿಲ್ಲ. ತಪ್ಪು ಮಾಡುವ ಮನಸ್ಸಿದ್ದು ಕೊಡದವಳಲ್ಲ ಅವಳು. ಆಣೆ ಇಟ್ಟು ಕಟ್ಟಿಹಾಕಿದ ಮೇಲೆ ಅದನ್ನು ನಂಬಿಕೆ ಎಂದು ಕರೆಯಲು ಬರುತ್ತದೆಯೇ ಎಂಬ ಪ್ರಶ್ನೆ ಆ ನಿರಾಕರಣೆಯಲ್ಲಿದೆ. ಕೊನೆಗೆ ಮಾದಪ್ಪ ನಿಲ್ಲುವುದು ಅನುಮಾನದ ಗಂಡನ ಪರ ಅಲ್ಲ, ಭಾಷೆ ಕೊಡದ ಹೆಂಡತಿಯ ಪರ. ಇವತ್ತಿನ ಧಾರಾವಾಹಿಗಳಲ್ಲಿ ಅಗ್ನಿಪರೀಕ್ಷೆಗೆ ತಲೆಬಾಗುವ ನಾಯಕಿಯರನ್ನು ಸಂಕಮ್ಮನ ಪಕ್ಕ ನಿಲ್ಲಿಸಿ ನೋಡಿ. ಓದುಬರಹ ಬಾರದ ಹಾಡುಗಾರರು ಎಷ್ಟು ದೂರ ಯೋಚಿಸಿದ್ದರು ಎಂಬುದು ಮನಸ್ಸಿಗೆ ಬರುತ್ತದೆ. ಎಚ್.ಎಲ್. ನಾಗೇಗೌಡರು ರಾಮನಗರದ ಬಳಿ ಜಾನಪದ ಲೋಕ ಕಟ್ಟಿದ್ದು ಇಂಥ ಸಂಪತ್ತು ಹಾಳಾಗಬಾರದೆಂದು. ಚನ್ನಪಟ್ಟಣದಿಂದ, ರಾಮನಗರದಿಂದ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗುವಾಗ ತೊಗಲುಗೊಂಬೆಯ ಮುಂದೆ ಫೋಟೊ ತೆಗೆಸಿ ವಾಪಸ್ ಬರಬೇಡಿ. ಆ ಗೊಂಬೆ ಯಾವ ರಾತ್ರಿ ಯಾವ ಪ್ರಶ್ನೆ ಕೇಳುತ್ತಿತ್ತು ಎಂದು ಮಕ್ಕಳಿಗೆ ಒಂದು ಕಥೆಯನ್ನಾದರೂ ಹೇಳಿ.

ಸಂಜೆಯನ್ನು ಹೇಗೆ ನಡೆಸುವುದು ಎಂಬುದನ್ನು ನಿಮಗೆ ಹೇಳಿಕೊಡುವ ಅಗತ್ಯವಿಲ್ಲ. ಒಂದೆರಡು ಕೋರಿಕೆ ಮಾತ್ರ. ಭಾಷಣಕಾರರನ್ನು ಕರೆಯಬೇಡಿ, ಶಾಲು ಹಾರ ಬೇಡ. ಹೆಂಗಸರಿಗೆ ಬಿಡುವಾಗುವ ಹೊತ್ತನ್ನು ಅವರನ್ನೇ ಕೇಳಿ ಗೊತ್ತು ಮಾಡಿ. ಪುಸ್ತಕದಿಂದ ಎರಡೋ ಮೂರೋ ಪುಟವನ್ನು ಯಾರಾದರೂ ಹೈಸ್ಕೂಲು ಹುಡುಗಿ ಗಟ್ಟಿಯಾಗಿ ಓದಲಿ. ಓದು ಬಾರದವರಿಗೆ ಅಷ್ಟರಿಂದಲೇ ಕಥೆ ಹತ್ತಿರವಾಗುತ್ತದೆ. ‘ಇದರ ನೀತಿ ಏನು?’ ಎಂದು ಕೇಳಬೇಡಿ. ‘ಅವಳ ಜಾಗದಲ್ಲಿ ನೀವಿದ್ದಿದ್ದರೆ?’ ಎಂದು ಕೇಳಿ, ಆಮೇಲೆ ಸುಮ್ಮನೆ ಕೂತು ಕೇಳಿಸಿಕೊಳ್ಳಿ.

ಮೊದಲ ಸಂಜೆಗೆ ‘ಶರಪಂಜರ’ ಸಾಕು. ಪ್ರತಿ ಒಂದೇ ಇದ್ದರೂ ಆದೀತು. ಕಾವೇರಿ ಆಸ್ಪತ್ರೆಯಿಂದ ಮನೆಗೆ ಬರುವ ಭಾಗವನ್ನು ಓದಿಸಿ, ಅವಳು ನಮ್ಮ ಬೀದಿಯ ಕೊನೆಯ ಮನೆಗೇ ಬಂದಿಳಿದಿದ್ದಾಳೆ ಅಂದುಕೊಳ್ಳಿ ಎಂದು ಹೇಳಿ. ಗಾಡಿ ನಿಂತ ಸದ್ದಿಗೆ ಕಿಟಕಿಗಳು ತೆರೆದುಕೊಂಡಿವೆ. ಯಾರು ಮೊದಲು ಹೊರಗೆ ಹೋಗಿ ಅವಳ ಕೈಯ ಚೀಲ ಇಸಿದುಕೊಳ್ಳುತ್ತಾರೆ ಎಂದು ಅಲ್ಲಿ ಕೂತವರನ್ನು ಕೇಳಿ.

ಇಂತಿ ವಿಶ್ವಾಸದಿಂದ,
ಒಬ್ಬ ಓದುಗ